ಮೊದಲ ಚಳಿಗಾಲಕ್ಕೆ ಯಾವ ಟೈರ್? ಸ್ನೋದಲ್ಲಿ ಓಡಿಸಿದವರು ಹೇಳಿ

ಪ್ರಶ್ನೆ, ವಾಟರ್‌ಲೂ, ಒಂಟಾರಿಯೊ:
ನಮಸ್ಕಾರ. ಹಾಸನದಿಂದ ಕೆನಡಾಕ್ಕೆ ಬಂದು ಐದು ತಿಂಗಳಾಯಿತು. ಹಳೇ ಕೊರೊಲ್ಲಾ ಕಾರು ಕೊಂಡಿದ್ದೇವೆ, ಆಲ್ ಸೀಸನ್ ಟೈರ್, ಅಂದರೆ ಇಲ್ಲಿನ ಮಾಮೂಲಿ ಟೈರ್ ಇದೆ. ದಿನಾ ಹೈವೇಯಲ್ಲಿ 30 ಕಿ.ಮೀ. ಓಡಾಟ. ಹಿಂದಿನ ಸೀಟಿನಲ್ಲಿ ಮಗು ಇರುತ್ತದೆ. ಆಲ್ ಸೀಸನ್ ಸಾಕು ಅಂತ ಕೆಲವರು, ವಿಂಟರ್ ಟೈರ್ ಬೇಕೇ ಬೇಕು ಅಂತ ಕೆಲವರು. ಏನು ಮಾಡಲಿ?

ಮಿಸ್ಸಿಸಾಗಾದಿಂದ:
ಹಾಕಿಸಿಬಿಡಿ. ನಾನೂ ಮೊದಲ ವರ್ಷ ಆಲ್ ಸೀಸನ್‌ನಲ್ಲೇ ಓಡಿಸಿದೆ. ಜನವರಿಯ ಒಂದು ಬೆಳಿಗ್ಗೆ, ಮುಂದೆ ಕೆಂಪು ಸಿಗ್ನಲ್. ವೇಗ 40 ಇದ್ದಿರಬಹುದು. ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿ ಕಟಕಟ ಅನ್ನುತ್ತಲೇ ಇತ್ತು, ಕಾರು ಮಾತ್ರ ನಿಲ್ಲಲಿಲ್ಲ. ಜಾರಿಕೊಂಡು ಸರ್ಕಲ್ ಮಧ್ಯಕ್ಕೇ ಹೋಯಿತು. ಪಕ್ಕದಲ್ಲಿ ಆರು ತಿಂಗಳ ಬಸುರಿ ಹೆಂಡತಿ. ಆ ಕ್ಷಣ ಅಡ್ಡ ಯಾವ ಗಾಡಿಯೂ ಬರಲಿಲ್ಲ, ಅಷ್ಟೇ. ಅದೇ ವಾರ ಟೈರ್ ಬದಲಿಸಿದೆ.

ಕಾರಣ ರಬ್ಬರ್. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ವಿಂಟರ್ ಟೈರಿನದು ಮೆತ್ತಗೇ ಇರುತ್ತದೆ. ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ, ಅವು ಸ್ನೋವನ್ನು ಕಚ್ಚಿ ಹಿಡಿಯುತ್ತವೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಬರೀ 'ಎಂ ಪ್ಲಸ್ ಎಸ್' (ಮಡ್ ಮತ್ತು ಸ್ನೋ, ಕೆಸರು-ಹಿಮ) ಅಂತಿದ್ದರೆ ಸ್ನೋದಲ್ಲಿ ಪರೀಕ್ಷೆ ಪಾಸಾಗಿದೆ ಅಂತ ಅರ್ಥವಲ್ಲ.

ಇನ್ನೊಂದು, ದುಡ್ಡು ಉಳಿಸಲು ಮುಂದಿನ ಎರಡಕ್ಕೆ ಮಾತ್ರ ಹಾಕಿಸಬೇಡಿ. ಮುಂಭಾಗ ಹಿಡಿದು ನಿಂತರೆ ಹಿಂಭಾಗ ಗಿರ್ ಅಂತ ತಿರುಗಿಬಿಡುತ್ತದೆ. ನಾಲ್ಕೂ ಒಂದೇ ಥರದ್ದು ಇರಬೇಕು. ಒಂಟಾರಿಯೊದಲ್ಲಿ 2016ರಿಂದ ವಿಂಟರ್ ಟೈರ್‌ಗೆ ಇನ್ಶೂರೆನ್ಸ್‌ನವರು ರಿಯಾಯಿತಿ ಕೊಡಲೇಬೇಕು, ಮರೆಯದೆ ಕೇಳಿ.

ಮಾಂಟ್ರಿಯಲ್‌ನಿಂದ:
ನಮ್ಮ ಕ್ವಿಬೆಕ್‌ನಲ್ಲಿ ಈ ಚರ್ಚೆಯೇ ಇಲ್ಲ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ, ಇಲ್ಲದಿದ್ದರೆ ದಂಡ. ಹಾಗಂತ ಡಿಸೆಂಬರ್‌ವರೆಗೆ ಕಾಯಬೇಡಿ. ಮೊದಲ ಸ್ನೋ ಬಿದ್ದ ದಿನ ಎಲ್ಲರೂ ಫೋನ್ ಮಾಡುತ್ತಾರೆ, ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಅಕ್ಟೋಬರ್‌ನಲ್ಲೇ ಬುಕ್ ಮಾಡಿ. ನನ್ನದು ಮಿಶೆಲಿನ್ ಎಕ್ಸ್-ಐಸ್, ತಮ್ಮನದು ನೋಕಿಯನ್ ಹಕ್ಕಪೆಲಿಟ್ಟಾ. ಎರಡೂ ಚೆನ್ನಾಗಿವೆ. ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಮ್ಯೂನಿಕ್‌ನಿಂದ:
ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಸ್ನೋದಲ್ಲಿ ಓಡಿಸಲು ಆ ಬೆಟ್ಟದ ಗುರುತು ಇರಲೇಬೇಕು, 'ಎಂ ಪ್ಲಸ್ ಎಸ್' ನಡೆಯುವುದಿಲ್ಲ. ಆ ಗುರುತು ಇರುವ, ವರ್ಷವಿಡೀ ಹಾಕಬಹುದಾದ ಆಲ್ ವೆದರ್ ಟೈರ್ ಕೂಡ ಸಿಗುತ್ತದೆ. ಊರೊಳಗೆ ಮಾತ್ರ ಓಡಾಡುವವರಿಗೆ ಅದು ಪರವಾಗಿಲ್ಲ. ನಿಮ್ಮ ಹಾಗೆ ಬೆಳಗಾಗೆದ್ದು ಹೈವೇ ಹಿಡಿಯುವವರಿಗೆ ಅದನ್ನು ಹಾಕಿ ಅಂತ ನಾನು ಹೇಳಲಾರೆ. ಐಸ್ ಮೇಲೆ ನಿಜವಾದ ವಿಂಟರ್ ಟೈರೇ ವಾಸಿ.

ಕ್ಯಾಲ್ಗರಿಯಿಂದ:
'ನನ್ನದು ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ), ವಿಂಟರ್ ಟೈರ್ ಬೇಡ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಗಾಡಿ ಮುಂದೆ ಹೋಗಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರ್.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 'ಡಾಟ್' (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 3523 ಅಂದರೆ 2023ರ 35ನೇ ವಾರ ತಯಾರಾದದ್ದು. ನಾನು ನೋಡದೆ ಕೊಂಡೆ, ಹನ್ನೊಂದು ವರ್ಷ ಹಳೆಯದು ಸಿಕ್ಕಿತು. ಮೇಲೆ ಹೊಸದರಂತಿತ್ತು, ರಬ್ಬರ್ ಮಾತ್ರ ಕಲ್ಲು. ಟೈರಿನ ಮೇಲಿನ ಕಾಲುವೆಗಳ ಆಳವೂ ನೋಡಿ, 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೇಡ. ಚಳಿಗೆ ಗಾಳಿಯ ಒತ್ತಡ ಇಳಿಯುತ್ತದೆ, ತಿಂಗಳಿಗೊಮ್ಮೆ ಚೆಕ್ ಮಾಡಿಸಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಬಾಗಿಲ ಸ್ಟಿಕ್ಕರ್‌ನಲ್ಲಿ ಸೈಜ್ ನೋಡಿಕೊಂಡೆ. ಶನಿವಾರಕ್ಕೆ ಬುಕ್ ಆಗಿದೆ, ನಾಲ್ಕೂ ಹೊಸದೇ. ಬೇರೆ ರಿಮ್ ತೆಗೆದುಕೊಳ್ಳಲೇ?

ಮಿಸ್ಸಿಸಾಗಾದಿಂದ:
ತೆಗೆದುಕೊಳ್ಳಿ, ಸ್ಟೀಲ್ ರಿಮ್ ಸಾಕು. ಪ್ರತಿ ಸಲ ಟೈರ್ ಬಿಚ್ಚಿ ಕೂರಿಸುವ ಖರ್ಚು ಉಳಿಯುತ್ತದೆ. ಹಾಕಿಸಿಕೊಂಡು 100 ಕಿ.ಮೀ. ಆಗುವುದರೊಳಗೆ ವಾಪಸ್ ಹೋಗಿ ನಟ್ ಬಿಗಿ ಮಾಡಿಸಿ. ಭಾನುವಾರ ಖಾಲಿ ಪಾರ್ಕಿಂಗ್‌ನಲ್ಲಿ ಒಬ್ಬರೇ, ಮಗುವನ್ನು ಮನೆಯಲ್ಲೇ ಬಿಟ್ಟು ಬಂದು, ನಾಲ್ಕು ಸಲ ಬ್ರೇಕ್ ಹಾಕಿ ನೋಡಿ.