ಪದಚರ್ಚೆ: ‘ರಜೆ’ಗೂ ‘ಸೂಟಿ’ಗೂ ಒಂದೇ ಕಾಲಂ ಸಾಕೇ?

ಪ್ರಶ್ನೆ, ಶಿರಸಿಯಿಂದ:

ನಮಸ್ಕಾರ. ಅಡಿಕೆ ವಹಿವಾಟಿನ ಕಚೇರಿಯೊಂದಕ್ಕೆ ನೌಕರರ ಹಾಜರಿ, ರಜೆ, ಸಂಬಳದ ಡೇಟಾಬೇಸ್ ಮಾಡುತ್ತಿದ್ದೇವೆ. ಪರದೆಯ ಮೇಲೆ ಕಾಣುವ ಹೆಸರುಗಳೆಲ್ಲ ಕನ್ನಡದಲ್ಲೇ ಇರಬೇಕು. ಲೀವ್, ಹಾಲಿಡೇ ಎರಡಕ್ಕೂ ‘ರಜೆ’ ಎಂದೇ ಬರೆದು ರೂಢಿ. ಹಾಗೇ ಬಿಡಬಹುದೇ? ಸಂಬಳ, ವೇತನ, ಪಗಾರ, ಮಜೂರಿ ಇವುಗಳಲ್ಲಿ ಯಾವುದನ್ನು ಎಲ್ಲಿ ಇಡುವುದು?

ಉತ್ತರ, ಕಾರವಾರದಿಂದ:

ದಯವಿಟ್ಟು ಹಾಗೆ ಬಿಡಬೇಡಿ. ಅರಬ್ಬಿ ಮೂಲದ ‘ರಜೆ’ಗೆ ಒಪ್ಪಿಗೆ ಎಂಬ ಅರ್ಥ. ಒಬ್ಬರು ಕೇಳಬೇಕು, ಇನ್ನೊಬ್ಬರು ಕೊಡಬೇಕು. ‘ಸೂಟಿ’ ಮರಾಠಿಯಿಂದ ಬಂದದ್ದು, ಬಿಡುಗಡೆ ಎಂದರ್ಥ. ಅದನ್ನು ಯಾರೂ ಕೇಳುವುದಿಲ್ಲ. ಭಾನುವಾರ ಬಂದರೆ, ಚೌತಿ ಬಂದರೆ ಎಲ್ಲರಿಗೂ ಸೂಟಿ. 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಜಿಲ್ಲೆ ನಮ್ಮದು, ಇಂಥ ಪದಗಳು ನೆಲೆಯೂರಿದ್ದು ಸಹಜ. ‘ನಾಳೆ ಸೂಟಿ ಹಾಕ್ತೇನೆ’ ಎನ್ನುವವರೂ ಇದ್ದಾರೆ, ನಿಜ. ಆದರೆ ಕೈಯಲ್ಲಿ ಎರಡು ಪದ ಇರುವಾಗ ಎರಡು ಕೆಲಸಕ್ಕೆ ಹಂಚಿಕೊಳ್ಳುವುದೇ ಲೇಸು.

‘ಸೂಟಿ’ ಟೇಬಲಿನಲ್ಲಿ ದಿನಾಂಕ ಮತ್ತು ಕಾರಣ ಇದ್ದರೆ ಸಾಕು, ನೌಕರರ ಸಂಖ್ಯೆ ಅಲ್ಲಿ ಬರಕೂಡದು. ‘ರಜೆ’ ಟೇಬಲಿನಲ್ಲಿ ನೌಕರರ ಸಂಖ್ಯೆ, ರಜೆಯ ಬಗೆ, ಯಾವತ್ತಿನಿಂದ ಯಾವತ್ತಿನವರೆಗೆ, ಮಂಜೂರು ಮಾಡಿದವರು ಯಾರು ಎಂಬುದು ಬೇಕು. ಸೋಮವಾರದಿಂದ ಶನಿವಾರದವರೆಗೆ ರಜೆ ಹಾಕಿದವರಿಗೆ ಬುಧವಾರ ಚೌತಿ ಬಂತೆನ್ನಿ. ಸೂಟಿ ಬೇರೆ ಇದ್ದರೆ ಖಾತೆಯಿಂದ 5 ದಿನ ಹೋಗುತ್ತದೆ, ಎರಡನ್ನೂ ಬೆರೆಸಿದರೆ 6. ಇನ್ನು ‘ಗೈರುಹಾಜರಿ’ಯನ್ನು ಯಾರೂ ಟೈಪ್ ಮಾಡುವಂತಿರಬಾರದು. ಕೆಲಸದ ದಿನ, ಹಾಜರಿ ಇಲ್ಲ, ರಜೆಯೂ ಇಲ್ಲ ಎಂದಾದರೆ ಅದು ತಾನಾಗಿ ಲೆಕ್ಕದಿಂದ ಹೊರಬರಲಿ. ವೇತನರಹಿತ ರಜೆಯಲ್ಲೂ ದುಡ್ಡು ಅಷ್ಟೇ ಕಡಿತವಾಗುತ್ತದೆ, ಆದರೆ ಅದು ಕೇಳಿ ಪಡೆದದ್ದು. ಎರಡನ್ನೂ ಒಂದೇ ಹೆಸರಿನಡಿ ಹಾಕಿದರೆ ಕೇಳಿಹೋದವರಿಗೆ ಅನ್ಯಾಯ.

‘ಬಾಕಿ ರಜೆ’ ಎಂದೂ ಬರೆಯಬೇಡಿ. ಬಾಕಿ ಎಂದರೆ ಉಳಿದದ್ದೂ ಹೌದು, ಕೊಡಬೇಕಾದದ್ದೂ ಹೌದು. ‘ರಜೆ ಉಳಿಕೆ’ ಎನ್ನಿ. ಆ ಉಳಿಕೆಯನ್ನೂ ಒಂದೇ ಅಂಕಿಯಾಗಿ ಇಡದೆ ಜಮಾ-ಖರ್ಚಿನ ಸಾಲುಗಳಾಗಿ ಇಡಿ: 20 ದಿನ ದುಡಿದದ್ದಕ್ಕೆ 1 ಜಮಾ, ತೆಗೆದುಕೊಂಡದ್ದಕ್ಕೆ ಖರ್ಚು. ತಕರಾರು ಬಂದಾಗ ಸಾಲುಗಳನ್ನು ತೋರಿಸಿದರಾಯಿತು.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ‘ಗಂಟೆ’ಯ ವಿಷಯ. ‘8 ಗಂಟೆ’ ಎಂದರೆ ಬೆಳಗಿನ ಎಂಟೋ, ಎಂಟು ತಾಸಿನ ದುಡಿಮೆಯೋ? ನಮ್ಮ ಕಡೆ ‘ತಾಸು’ ಬಳಕೆಯಲ್ಲಿರುವುದು ಇಲ್ಲಿ ದೊಡ್ಡ ಉಪಕಾರ. ‘ಬಂದ ಗಂಟೆ’, ‘ಹೋದ ಗಂಟೆ’, ‘ದುಡಿದ ತಾಸು’ ಎಂದರೆ ಗೊಂದಲವೇ ಇಲ್ಲ. ಹಾಜರಿ ಪುಸ್ತಕದಲ್ಲಿ 8.30 ಎಂದು ಬರೆದದ್ದು ಎಂಟೂವರೆ ತಾಸು. ಕಂಪ್ಯೂಟರ್ ಅದನ್ನು ದಶಮಾಂಶವೆಂದು ಓದಿದರೆ 8 ತಾಸು 18 ನಿಮಿಷ. ತಾಸಿಗೆ 80 ರೂಪಾಯಿಯಂತೆ ದಿನಕ್ಕೆ 16, 26 ದಿನಕ್ಕೆ 416 ರೂಪಾಯಿ ದುಡಿದವರ ಕೈತಪ್ಪುತ್ತದೆ. ಆದ್ದರಿಂದ ಒಳಗೆ 510 ನಿಮಿಷ ಎಂದು ಪೂರ್ಣಾಂಕದಲ್ಲೇ ಇಡಿ, ತೋರಿಸುವಾಗ ಮಾತ್ರ ‘8 ತಾಸು 30 ನಿಮಿಷ’. ಹಣವನ್ನೂ ಪೈಸೆಯ ಪೂರ್ಣಾಂಕದಲ್ಲೇ ಇಡಿ.

ರಾತ್ರಿ ಪಾಳಿ 10ಕ್ಕೆ ಶುರುವಾಗಿ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ರಾತ್ರಿ 10 ಎಂದರೆ ಕಂಪ್ಯೂಟರಿಗೆ 22. ಬರೀ ಗಂಟೆ ಇಟ್ಟು 6ರಲ್ಲಿ 22 ಕಳೆದರೆ ಮೈನಸ್ 16 ಬರುತ್ತದೆ, ದಿನಾಂಕ ಸಮೇತ ಇಡಬೇಕು. ಜೊತೆಗೆ ‘ಪಾಳಿ ದಿನ’ ಎಂಬ ಬೇರೆ ಕಾಲಂ ಇರಲಿ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಸೋಮವಾರದ ರಾತ್ರಿ ಪಾಳಿ ಬೆಳಗಾಗುವವರೆಗೂ ಸೋಮವಾರದ್ದೇ ಎಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಓವರ್‌ಟೈಮ್‌ಗೆ ‘ಅಧಿಕಾವಧಿ’ ಬೇಡ, ಎಲ್ಲರೂ ಹೇಳುವ ‘ಓಟಿ’ಯೇ ಇರಲಿ.

ಪಗಾರ ಪೋರ್ಚುಗೀಸ್ ಪದ, ‘ಹಣ ಸಲ್ಲಿಸು’ ಎಂಬ ಕ್ರಿಯಾಪದ. ಮಾತಿನಲ್ಲಿ ಎಲ್ಲಕ್ಕೂ ನಡೆಯುತ್ತದೆ, ಹಾಗಾಗಿ ಮೆನುವಿನ ತಲೆಬರಹಕ್ಕೆ ಅದೇ ಚೆಂದ. ಒಳಗೆ ಮಾತ್ರ ತಿಂಗಳ ಲೆಕ್ಕಕ್ಕೆ ‘ಸಂಬಳ ದರ’, ದಿನದ ಲೆಕ್ಕಕ್ಕೆ ‘ಮಜೂರಿ ದರ’, ಹಂಚಿದ್ದಕ್ಕೆ ‘ಬಟವಡೆ’. ವೇತನ ಸರಕಾರಿ ಆದೇಶದ ಭಾಷೆ, ಇಲ್ಲಿ ‘ವೇತನರಹಿತ’ದಂಥ ರೂಢಿಯ ಸಮಾಸಕ್ಕಷ್ಟೇ ಸಾಕು. ಪ್ರತಿ ದರಕ್ಕೂ ‘ಜಾರಿಯಾದ ದಿನಾಂಕ’ ಬೇಕೇ ಬೇಕು. ಹಳೆಯ ದರದ ಮೇಲೆ ಹೊಸದನ್ನು ಬರೆದರೆ ಹೋದ ತಿಂಗಳ ಚೀಟಿ ಮತ್ತೆ ಮುದ್ರಿಸಿದಾಗ ಮೊತ್ತವೇ ಬದಲಾಗುತ್ತದೆ. ‘ದಿನದ ಸಂಬಳ’ ಎಂದಷ್ಟೇ ಬರೆದರೂ ಸಾಲದು. 15,600 ರೂಪಾಯಿಯನ್ನು 26ರಿಂದ ಭಾಗಿಸಿದರೆ 600, 30ರಿಂದ ಭಾಗಿಸಿದರೆ 520. ಯಾವ ಭಾಜಕ ಎಂಬುದು ಕಾಲಂನಲ್ಲೇ ಕಾಣಲಿ.

ನಿಮ್ಮಲ್ಲಿ ಅಡಿಕೆ ಸುಲಿಯುವವರೂ ಇರಬಹುದು. ಅವರಿಗೆ ಸುಲಿದ ಅಳತೆಯ ಮೇಲೆ ಮಜೂರಿ ಕೊಡುವುದಾದರೆ ‘ದುಡಿದ ತಾಸು’ ಖಾಲಿ ಬಿಡಿ, ಸೊನ್ನೆ ತುಂಬಬೇಡಿ. ಸೊನ್ನೆ ಕಂಡರೆ ಲೆಕ್ಕ ಅವರನ್ನು ಗೈರುಹಾಜರಿಗೆ ಸೇರಿಸುತ್ತದೆ.