ಸಣ್ಣ ಬೀಜ ಪೊಟ್ಟಣದ ಮೂಲೆಯಿಂದ ಸೋರುತ್ತದೆ, ಗೋಂದು ಹಚ್ಚಿದರೆ ಗಂಟು ಕಟ್ಟುತ್ತದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೈತೋಟದ ಗಿಡಗಳಿಂದ ನಾನೇ ಬೀಜ ತೆಗೆದಿಡಲು ಶುರುಮಾಡಿ ಇದು ಮೂರನೆಯ ವರ್ಷ. ಬೀನ್ಸ್, ಕುಂಬಳದಂಥ ದೊಡ್ಡ ಬೀಜಗಳು ನಾನು ಮಾಡುವ ಕಾಗದದ ಲಕೋಟೆಯಲ್ಲಿ ಸುಖವಾಗಿಯೇ ಇವೆ. ಕಷ್ಟವಿರುವುದು ಹರಿವೆ, ಲೆಟ್ಯೂಸ್, ಪೆಟೂನಿಯಾಗಳಲ್ಲಿ. ಡಬ್ಬಿ ತೆರೆದಾಗಲೆಲ್ಲ ತಳದಲ್ಲಿ ಒಂದು ಚಿಟಿಕೆ ಬೀಜ ಬಿದ್ದಿರುತ್ತದೆ. ಕೆಂಪು ಹರಿವೆಯೂ ಹಸಿರು ಹರಿವೆಯೂ ಒಮ್ಮೆ ಬೆರೆತರೆ ಮುಗಿಯಿತು, ಎರಡೂ ಕಪ್ಪು, ಎರಡೂ ಮಿನುಗುತ್ತವೆ.

ನಾನು ಮಾಡುವ ವಿಧಾನ ಹೀಗಿದೆ: ಎ4 ಹಾಳೆಯನ್ನು ನಾಲ್ಕು ತುಂಡು ಮಾಡುತ್ತೇನೆ. ಹಳೆಯ ಲಕೋಟೆಯೊಂದನ್ನು ಬಿಡಿಸಿ ಮಾಡಿಕೊಂಡ ರಟ್ಟಿನ ಅಚ್ಚನ್ನು ಇಟ್ಟು ಕತ್ತರಿಸಿ, ಪಕ್ಕದ ಮತ್ತು ತಳದ ಕಿವಿಗಳನ್ನು ಮಡಚಿ ಗೋಂದು ಹಚ್ಚುತ್ತೇನೆ. ಸೋರುವುದು ಕಂಡ ಮೇಲೆ ಮೂಲೆಗಳಿಗೆ ಗೋಂದನ್ನು ಧಾರಾಳವಾಗಿ ಹಚ್ಚಿದೆ. ಸೋರುವುದೇನೋ ನಿಂತಿತು, ಆದರೆ ಒಳಗಿನ ಬೀಜ ಮೂಲೆಯಲ್ಲಿ ಗಂಟು ಕಟ್ಟಿತು. ಒಂದು ಪೊಟ್ಟಣದಲ್ಲಿ ಬೂಷ್ಟು ಹಿಡಿದಿದೆ. ಗೋಂದಿಲ್ಲದೆ ಸೋರದಂತೆ ಮಾಡುವ ದಾರಿ ಇದೆಯೇ?

ಉತ್ತರ

ಇದೆ. ಮೊದಲು ಎಲ್ಲಿ ಸೋರುತ್ತಿದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಖಾಲಿ ಪೊಟ್ಟಣಕ್ಕೆ ಜರಡಿ ಹಿಡಿದ, ಚೆನ್ನಾಗಿ ಒಣಗಿದ ನಯವಾದ ಮರಳನ್ನು ಒಂದು ಚಮಚ ಹಾಕಿ ಬಾಯಿ ಮುಚ್ಚಿ. ಕಪ್ಪು ಕಾಗದದ ಮೇಲೆ ಹಿಡಿದು, ಒಂದೊಂದು ಮೂಲೆಯನ್ನೂ ಕೆಳಮುಖ ಮಾಡಿ, ಬೆರಳಿನಿಂದ ತಟ್ಟುತ್ತಾ ಹೋಗಿ. ಮರಳು ಬಿದ್ದ ಜಾಗವೇ ನಿಮಗೆ ಉತ್ತರ ಹೇಳುತ್ತದೆ. ಬೀಜ ಹಾಕಿ ಪರೀಕ್ಷಿಸಬೇಡಿ, ವರ್ಷದ ದುಡಿಮೆ ನೆಲದ ಪಾಲಾಗುತ್ತದೆ.

ನನ್ನ ಊಹೆ ಇದು: ಪಕ್ಕದ ಮಡಿಕೆಯೂ ತಳದ ಮಡಿಕೆಯೂ ಸೇರುವ ಬಿಂದುವಿನವರೆಗೆ ನಿಮ್ಮ ಅಚ್ಚು ಕಾಗದವನ್ನು ಕತ್ತರಿಸುತ್ತಿದೆ. ಅಲ್ಲಿ ಸೂಜಿಮೊನೆಯಷ್ಟು ತೂತು ಉಳಿದೇ ಉಳಿಯುತ್ತದೆ. ಕಾಗದಪತ್ರ ಕಳುಹಿಸುವ ಲಕೋಟೆಗೆ ಅದರಿಂದ ಏನೂ ನಷ್ಟವಿಲ್ಲ. ಹರಿವೆ ಬೀಜದ ಅಗಲ ಸುಮಾರು ಒಂದು ಮಿಲಿಮೀಟರ್, ಪೆಟೂನಿಯಾ ಬೀಜ ಅದಕ್ಕಿಂತಲೂ ಚಿಕ್ಕದು.

ಪ್ರಶ್ನೆ ಕೇಳಿದವರು

ಮರಳು ಹಾಕಿ ನೋಡಿದೆ. ನೀವು ಹೇಳಿದ ಜಾಗದಿಂದಲೇ, ತಳದ ಎರಡೂ ಮೂಲೆಗಳಿಂದ, ನೂಲಿನಂತೆ ಸುರಿಯಿತು. ಬಾಯಿಯ ಕಡೆ ಒಂದು ಹರಳೂ ಬೀಳಲಿಲ್ಲ. ಇಷ್ಟು ದಿನ ಬಾಯಿಯನ್ನೇ ಮೂರು ಸಲ ಮಡಚಿ ಮಡಚಿ ಬಿಗಿ ಮಾಡುತ್ತಿದ್ದೆ.

ಉತ್ತರ

ಹಾಗಾದರೆ ಆ ಅಚ್ಚನ್ನು ದೊಡ್ಡ ಬೀಜಗಳಿಗೆ ಮೀಸಲಿಡಿ. ಸಣ್ಣ ಬೀಜಕ್ಕೆ ಕತ್ತರಿಯೂ ಬೇಡ, ಗೋಂದೂ ಬೇಡ. ಔಷಧದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಡುತ್ತಿದ್ದ ಹಳೆಯ ಪೊಟ್ಟಣದ ಮಡಿಕೆಯೇ ಸಾಕು. ಪುಡಿಯೇ ಸೋರದ ಮಡಿಕೆಯಲ್ಲಿ ಬೀಜ ಹೇಗೆ ಸೋರೀತು?

ಎ4 ಹಾಳೆಯ ಕಾಲು ಭಾಗ, ಅಂದರೆ ಸುಮಾರು 148 × 105 ಮಿಲಿಮೀಟರ್ ತುಂಡನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಕೆಳಗಿನ ಅಂಚನ್ನು ಮೇಲಕ್ಕೆ ತಂದು, ಮೇಲಂಚಿಗೆ ಒಂದು ಸೆಂಟಿಮೀಟರ್ ಇರುವಾಗ ನಿಲ್ಲಿಸಿ ಗೆರೆ ಒತ್ತಿ. ಉಳಿದ ಆ ಒಂದು ಸೆಂಟಿಮೀಟರ್ ಪಟ್ಟಿಯನ್ನು ಮೇಲಕ್ಕೆ ತಂದ ಅಂಚಿನ ಮೇಲೆ ಮಡಚಿ, ಅಷ್ಟೇ ಅಗಲಕ್ಕೆ ಇನ್ನೊಂದು ಸುತ್ತು ಮಡಚಿ. ಈಗ ಎರಡೂ ತುದಿ ತೆರೆದಿರುವ ಚಪ್ಪಟೆ ಕೊಳವೆ ಸಿಗುತ್ತದೆ. ಅದರ ಉದ್ದವನ್ನು ಮೂರು ಪಾಲು ಎಂದುಕೊಂಡು ಒಂದು ತುದಿಯ ಪಾಲನ್ನು ಒಳಕ್ಕೆ ಮಡಚಿ. ಇನ್ನೊಂದು ತುದಿಯಿಂದ ಬೀಜ ಸುರಿಯಿರಿ. ಬೀಜ ನಡುವಿನ ಪಾಲಿನಲ್ಲಿ ಮಾತ್ರ ಇರಬೇಕು, ಅದರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಕೊನೆಗೆ ಆ ತುದಿಯನ್ನೂ ಮಡಚಿ, ಮೊದಲು ಮಡಚಿದ ತುದಿಯ ಬಾಯೊಳಗೆ ತೂರಿಸಿ. ಒಳಸೇರುವ ತುದಿಯ ಎರಡು ಮೂಲೆಗಳನ್ನು ತುಸು ಓರೆಯಾಗಿ ಒಳಮಡಚಿಕೊಂಡರೆ ಸಲೀಸಾಗಿ ಹೋಗುತ್ತದೆ.

ಇಲ್ಲಿ ಕಾಗದ ಎಲ್ಲೂ ಕತ್ತರಿಸಿಲ್ಲ, ಆದ್ದರಿಂದ ಮೂಲೆಯಲ್ಲಿ ತೂತು ಹುಟ್ಟುವುದಿಲ್ಲ. ಹೊರಬರಬೇಕಾದ ಬೀಜ ಒಂದು ಮಡಿಕೆ ತಿರುಗಿ, ಐದು ಸೆಂಟಿಮೀಟರ್ ಉದ್ದದ ಬಿಗಿಯಾದ ಸಂದಿಯಲ್ಲಿ ನುಸುಳಿ ಬರಬೇಕು.

ಇನ್ನೊಬ್ಬರ ಉತ್ತರ

ಮಡಿಕೆಯ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಬೂಷ್ಟಿನ ವಿಷಯವನ್ನು ಹಾಗೇ ಬಿಡಬೇಡಿ, ನನಗೆ ಅದೇ ಹೆಚ್ಚು ಚಿಂತೆಯ ಸಂಗತಿ. ಸೋರಿದ ಬೀಜವನ್ನು ಆರಿಸಿಕೊಳ್ಳಬಹುದು, ಸತ್ತ ಬೀಜವನ್ನು ಏನು ಮಾಡುವುದು?

ಗೋಂದಿನಲ್ಲಿ ನೀರಿದೆ. ಹಚ್ಚಿದ ಕೂಡಲೇ ಬೀಜ ತುಂಬಿ ಡಬ್ಬಿಯ ಮುಚ್ಚಳ ಬಿಗಿದರೆ ಆ ನೀರು ಕಾಗದಕ್ಕೂ ಬೀಜಕ್ಕೂ ಹಂಚಿಹೋಗುತ್ತದೆ. ಗೋಂದು ಬಳಸುವುದೇ ಆದರೆ ತೆಳ್ಳಗೆ ಹಚ್ಚಿ, ಬಾಯಿ ತೆರೆದಿಟ್ಟು ಒಂದು ಇಡೀ ದಿನ ಆರಿದ ಮೇಲೆ ತುಂಬಿ. ಗಂಜಿಯಿಂದ ಮಾಡಿದ ಅಂಟಾದರೆ ಕಾಗದ ತಿನ್ನುವ ಹುಳುಗಳಿಗೂ ಅದು ಇಷ್ಟ. ಸ್ಟೇಪ್ಲರ್ ಪಿನ್ನನ್ನೂ ದೂರವಿಡಿ. ಅದು ತೂತು ಮಾಡುತ್ತದೆ, ತೇವ ತಗುಲಿದರೆ ತುಕ್ಕು ಹಿಡಿಯುತ್ತದೆ.

ಕಾಗದ ಉಸಿರಾಡುತ್ತದೆ ಎಂದು ಹೊಗಳುತ್ತೇವೆ. ಅದು ಎರಡೂ ಕಡೆಗೆ ಉಸಿರಾಡುತ್ತದೆ ಎಂಬುದನ್ನು ಮರೆಯುತ್ತೇವೆ. ಹೊರಗಿನ ಗಾಳಿ ಒಣಗಿದ್ದರೆ ಬೀಜದ ತೇವ ಹೊರಹೋಗುತ್ತದೆ, ಗಾಳಿ ತೇವವಾಗಿದ್ದರೆ ಒಳಬರುತ್ತದೆ. ಹಾಗಾಗಿ ಪೊಟ್ಟಣ ಬೀಜಗಳನ್ನು ಬೇರೆ ಬೇರೆ ಇಡಲು, ಹೆಸರು ಬರೆಯಲು. ಕಾಪಾಡುವ ಕೆಲಸ ಗಾಳಿಯಾಡದ ಗಾಜಿನ ಡಬ್ಬಿಯದು. ಬೀಜ ವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಕೊಟ್ಟ ಒಂದು ಅಂದಾಜು ಸೂತ್ರವಿದೆ: ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಇಮ್ಮಡಿಯಾಗುತ್ತದೆ. ತೇವಾಂಶ ಶೇಕಡಾ 5ರಿಂದ 14ರ ನಡುವೆ ಇರುವಾಗ ಈ ಲೆಕ್ಕ. ಮೊದಲು ಒಣಗಿಸಬೇಕು, ತಂಪು ಆಮೇಲೆ.

ದೊಡ್ಡ ಬೀಜ ಒಣಗಿತೇ ಎಂದು ತಿಳಿಯುವುದು ಸುಲಭ: ಕುಂಬಳದ ಬೀಜ ಬಾಗದೆ ಟಪ್ಪನೆ ಮುರಿಯಬೇಕು, ಬೀನ್ಸ್ ಕಾಳಿನ ಮೇಲೆ ಉಗುರಿನ ಗುರುತು ಬೀಳಬಾರದು. ಹರಿವೆಯಂಥ ಸಣ್ಣ ಬೀಜಕ್ಕೆ ಈ ಪರೀಕ್ಷೆ ನಡೆಯದು. ಅದಕ್ಕೆ ಪೊಟ್ಟಣಗಳ ಜೊತೆ, ಬೀಜದಷ್ಟೇ ತೂಕದ ಒಣ ಸಿಲಿಕಾ ಜೆಲ್ ಅನ್ನು ಡಬ್ಬಿಯಲ್ಲಿ ಹಾಕಿ ಒಂದು ವಾರ ಮುಚ್ಚಿಡುತ್ತೇನೆ. ತೇವ ಹೀರಿದಂತೆ ಬಣ್ಣ ಬದಲಿಸುವ ಹರಳು ಸಿಗುತ್ತದೆ, ನೀಲಿಯದಕ್ಕಿಂತ ಕಿತ್ತಳೆ ಬಣ್ಣದ್ದನ್ನು ಆರಿಸಿ, ನೀಲಿಯಲ್ಲಿ ಸಾಮಾನ್ಯವಾಗಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಡಬ್ಬಿಯನ್ನು ಫ್ರಿಜ್‌ನಲ್ಲಿ ಇಡುವಿರಾದರೆ, ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಮುಚ್ಚಳ ತೆರೆಯಬೇಡಿ. ತಣ್ಣಗಿನ ಬೀಜದ ಮೇಲೆ ಗಾಳಿಯ ತೇವ ಹನಿಗಟ್ಟಿದರೆ ಒಣಗಿಸಿದ ಶ್ರಮವೆಲ್ಲ ವ್ಯರ್ಥ.

ಬೂಷ್ಟು ಹಿಡಿದ ಪೊಟ್ಟಣವನ್ನು ಇಂದೇ ಹೊರಗೆ ಹಾಕಿ.

ಪ್ರಶ್ನೆ ಕೇಳಿದವರು

ಹಾಕಿದೆ. ಮನಸ್ಸಿಗೆ ನೋವಾಯಿತು, ಅದು ಈ ವರ್ಷದ ಲೆಟ್ಯೂಸ್.

ಹೊಸ ಮಡಿಕೆಯಲ್ಲಿ ಆರು ಪೊಟ್ಟಣ ಮಾಡಿ ಮರಳು ಹಾಕಿ ತಟ್ಟಿದೆ. ಐದು ಗಟ್ಟಿಯಾಗಿ ನಿಂತವು. ಆರನೆಯದನ್ನು ಮಾತ್ರ ದಪ್ಪ ಕಂದು ಕಾಗದದಲ್ಲಿ ಮಾಡಿದ್ದೆ, ಎರಡು ಸುತ್ತು ಮಡಚಿದ ಅಂಚಿನ ಪಕ್ಕದಿಂದ ನಾಲ್ಕೈದು ಹರಳು ಬಿದ್ದವು.

ಉತ್ತರ

ದಪ್ಪ ಕಾಗದದ ದೋಷವೇ ಅದು. ಸುತ್ತಿ ಮಡಚಿದ ಅಂಚು ಉಬ್ಬಿ ನಿಲ್ಲುತ್ತದೆ, ತುದಿಯನ್ನು ಅದರ ಮೇಲೆ ಅಡ್ಡ ಮಡಚಿದಾಗ ಉಬ್ಬಿನ ಪಕ್ಕದಲ್ಲಿ ಸಣ್ಣ ಕಾಲುವೆ ಉಳಿಯುತ್ತದೆ. ಬರೆಯುವ ಸಾಧಾರಣ ಹಾಳೆಯಲ್ಲೇ ಮಾಡಿ, ಪ್ರತಿ ಗೆರೆಯನ್ನೂ ಚಮಚದ ಬೆನ್ನಿನಿಂದ ಒಮ್ಮೆ ಉಜ್ಜಿ. ಕಾಗದಕ್ಕೂ ಎಳೆಯ ದಿಕ್ಕಿದೆ. ಎರಡೂ ಕಡೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ದಿಕ್ಕಿಗೆ ಉದ್ದನೆಯ ಮಡಿಕೆ ಬರಲಿ. ಪೆಟೂನಿಯಾಕ್ಕೆ ಮಾತ್ರ ಪೊಟ್ಟಣದೊಳಗೆ ಪೊಟ್ಟಣ ಮಾಡಿ, ಅದು ಬೀಜವಲ್ಲ, ಧೂಳು.

ಹೆಸರು, ತಿಂಗಳು, ವರ್ಷವನ್ನು ಬೀಜ ತುಂಬುವ ಮೊದಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ಸಿಲ್ ಬರಹ ತೇವಕ್ಕೆ ಹರಡುವುದಿಲ್ಲ, ಬೆಳಕಿಗೆ ಮಾಸುವುದಿಲ್ಲ. ತುಂಬಿದ ಮೇಲೆ ಬರೆಯಲು ಹೋದರೆ ಬೀಜದ ಉಬ್ಬಿನ ಮೇಲೆ ಮೊನೆ ಜಾರಿ ಕಾಗದ ಹರಿಯುತ್ತದೆ.

ಅಂದ ಹಾಗೆ, ಬೆರೆತ ಹರಿವೆಯನ್ನು ಎಸೆದಿಲ್ಲ ತಾನೆ? ಒಂದು ತಟ್ಟೆಯಲ್ಲಿ ತೆಳ್ಳಗೆ ಬಿತ್ತಿ. ಕೆಂಪು ಹರಿವೆಯ ಸಸಿ ಎಳೆಯದಿರುವಾಗಲೇ ಕಾಂಡದ ಬಣ್ಣದಿಂದ ಗುರುತು ಸಿಗುತ್ತದೆ.

ಪ್ರಶ್ನೆ ಕೇಳಿದವರು

ಎಸೆದಿರಲಿಲ್ಲ. ಬಿತ್ತಿ ಎಂಟು ದಿನವಾಯಿತು. ತಟ್ಟೆಯ ತುಂಬ ಸಸಿಗಳಿವೆ, ನಡುನಡುವೆ ಕೆಂಪು ಕಾಂಡ ಎದ್ದು ಕಾಣುತ್ತಿದೆ. ಇವತ್ತು ಸಂಜೆ ಕೆಂಪನ್ನೆಲ್ಲ ಎತ್ತಿ ಬೇರೆ ಕುಂಡಕ್ಕೆ ಹಾಕುತ್ತೇನೆ. ಹೊಸ ಪೊಟ್ಟಣಗಳು ಡಬ್ಬಿಯಲ್ಲಿವೆ. ಬೆಳಿಗ್ಗೆ ತಳ ನೋಡಿದೆ, ಒಂದು ಬೀಜವೂ ಬಿದ್ದಿಲ್ಲ.