ಅಪ್‌ಡೇಟ್: ಕೆಲಸ ಬಿಡದೆ ರಂಗಭೂಮಿಗೆ ಬರುವ ದಾರಿ

ಬೆಂಗಳೂರಿನಲ್ಲಿ ನೌಕರಿ ಮಾಡುತ್ತಲೇ ವೃತ್ತಿಪರ ರಂಗಭೂಮಿಗೆ ಬರುವುದು ಹೇಗೆಂದು ಕೇಳಿದ್ದೆ. ಹೆಗ್ಗೋಡಿನ ರಂಗಶಿಕ್ಷಣ ಸಂಸ್ಥೆ ನೀನಾಸಂ ಸೇರಿ ಎಂದವರೇ ಹೆಚ್ಚು. ಸಲಹೆ ಒಳ್ಳೆಯದೇ, ಆದರೆ ಅಲ್ಲಿಯೇ ಉಳಿದು ಕಲಿಯುವ ಒಂದು ವರ್ಷದ ಡಿಪ್ಲೊಮಾ, ಮನೆಯ ಸಾಲ ಕಾಯುವುದಿಲ್ಲ. ವಾರಾಂತ್ಯದ ಅಭಿನಯ ಶಿಬಿರವೊಂದಕ್ಕೆ ಹೋದೆ. ಪ್ರಮಾಣಪತ್ರ ಸಿಕ್ಕಿತು, ಪಾತ್ರ ಸಿಗಲಿಲ್ಲ.

ಫಲಿಸಿದ್ದು "ಮೊದಲು ತೆರೆಯ ಹಿಂದೆ ನಿಲ್ಲಿ" ಎಂದವರ ಮಾತು. ನೂರು ಆಸನಗಳ ಪುಟ್ಟ ರಂಗಮಂದಿರದಲ್ಲಿ ಬೆಳಕಿನವರಿಗೆ ಸಹಾಯಕನಾದೆ. ಏಣಿ ಹಿಡಿಯುವುದು, ಕೇಬಲ್ ಸುತ್ತುವುದು, ಬೆಳಕು ಏರಿಸಿ ಇಳಿಸುವ ಡಿಮ್ಮರ್ ಮುಂದೆ ಸೂಚನೆಗೆ ಕಾಯುವುದು. ನಟರ ಸಾಲು ಉದ್ದವಿದೆ, ದೀಪ ಕಟ್ಟಬಲ್ಲವರಿಗೇ ಬರ! ಇದು ನನಗೆ ಗೊತ್ತಿರಲಿಲ್ಲ. ಮೂರನೆಯ ಪ್ರದರ್ಶನಕ್ಕೆ ಸಂಭಾವನೆಯೂ ಬಂತು, ಪೆಟ್ರೋಲಿಗೆ ಸಾಕಾಯಿತು. ಮುಂದಿನ ನಾಟಕದಲ್ಲಿ ಎರಡು ಮಾತಿನ ಕಾವಲುಗಾರನ ಪಾತ್ರವೂ ನನ್ನದೇ.